ಬಾರಿಸು, ನಿಲ್ಲಿಸಬೇಡ

ನನಗೆ ಐರಿಶ್ ಸಂಗೀತ ಅಂದರೆ ಇವತ್ತಿಗೂ ಪ್ರಾಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದನ್ನು ಓದಿ ಯಾರೂ "ಅಯ್ಯೋ ಪಾಪ, ಪಿಟೀಲು ಕೇಳಿದರೆ ಇವಳಿಗೆ ಈಗಲೂ ನಡುಕ ಬರುತ್ತದೋ ಏನೋ" ಎಂದು ಕಣ್ಣೊರೆಸಿಕೊಳ್ಳುವುದು ಬೇಡ. ನಡುಕವೂ ಇಲ್ಲ, ಗಿಡುಕವೂ ಇಲ್ಲ. ಈಗಲೂ ಕತಾರಿನ ದೋಹಾದಲ್ಲೇ ಇದ್ದೇನೆ, ನನ್ನದೇ ಕೆಲಸ, ನನ್ನದೇ ವೀಸಾ. ಶುಕ್ರವಾರ ಇಲ್ಲಿ ರಜೆ, ಚರ್ಚಿನ ಪೂಜೆ ಮುಗಿಸಿ ಬಂದು, ಊಟ ಮಾಡಿ, ಒಂದು ಸಣ್ಣ ನಿದ್ದೆ ತೆಗೆದು, ಸಂಜೆ ಒಂದು ಹೋಟೆಲಿನ ಕೆಳಮಹಡಿಯ ಪಬ್ಬಿಗೆ ಹೋಗಿ ಬಾಗಿಲಲ್ಲಿ ಐಡಿ ತೋರಿಸಿ ಒಳಗೆ ಕೂರುತ್ತೇನೆ. ನಿಂಬೆ ಸೋಡಾ ತರಿಸುತ್ತೇನೆ. ಪಿಟೀಲು, ಅಕಾರ್ಡಿಯನ್, ಚರ್ಮದ ತಮಟೆ ಒಟ್ಟಿಗೆ ಎದ್ದ ಕೂಡಲೇ ಕಾಲು ನನ್ನ ಮಾತು ಕೇಳುವುದಿಲ್ಲ. ಆ ಸಂಗೀತವನ್ನು ನನಗೆ ಕಲಿಸಿದವರು ಇಬ್ಬರು. ಒಬ್ಬ ಒಳ್ಳೆಯವ, ಇನ್ನೊಬ್ಬ ನನ್ನ ಅಪ್ಪ.

ನಾವು ಇದ್ದದ್ದು ಅಬು ಹಮೂರಿನಲ್ಲಿ, ಚರ್ಚುಗಳಿಂದ ಸ್ವಲ್ಪವೇ ದೂರ. ವಿಲ್ಲಾ ಅಂದರೆ ಊರಿನವರಿಗೆ ಅರಮನೆ ಕಣ್ಣಿಗೆ ಬರುತ್ತದೆ. ನಮ್ಮ ವಿಲ್ಲಾವನ್ನು ಯಾರೋ ಪುಣ್ಯಾತ್ಮ ಜಿಪ್ಸಮ್ ಹಲಗೆ ಹಾಕಿ ಕೊಯ್ದು ಕೊಯ್ದು ಇಟ್ಟಿದ್ದ. ಒಂದೊಂದು ತುಂಡಿನಲ್ಲಿ ಒಂದೊಂದು ಸಂಸಾರ. ನಮಗೆ ಸಿಕ್ಕಿದ್ದು ಹಿಂದೆ ಮಜ್ಲಿಸ್, ಅಂದರೆ ಅತಿಥಿಗಳ ಹಜಾರ, ಆಗಿದ್ದುದರ ಅರ್ಧ. ಮಾಡಿಗೆ ಪ್ಲಾಸ್ಟರಿನ ಹೂಬಳ್ಳಿ, ಆ ಹೂಬಳ್ಳಿಯ ನಡುವೆಯೇ ಗೋಡೆ ಹೋಗಿತ್ತು. ಅರ್ಧ ಹೂವು ನಮಗೆ, ಅರ್ಧ ಹೂವು ಪಕ್ಕದ ಹಸನಾಕನಿಗೆ. ಹಸನಾಕ ಬಂಟ್ವಾಳ ಕಡೆಯ ಬ್ಯಾರಿ ಮುಸ್ಲಿಂ, ಮೂಲೆಯಲ್ಲಿ ದಿನಸಿ ಅಂಗಡಿ ಇಟ್ಟವನು, ಆನೆಯಂಥ ಆಳು. ಹೆಂಡತಿ ಝೊಹರಾತ್ತ, ಮೂರು ಸಣ್ಣ ಮಕ್ಕಳು. ಅವರ ಮನೆಯಲ್ಲಿ ಒಗ್ಗರಣೆ ಬಿದ್ದರೆ ನಾವು ಸೀನುತ್ತಿದ್ದೆವು. ನಮ್ಮ ಮನೆಯಲ್ಲಿ ಜಪಸರ ಹೇಳಿದರೆ ಅವರ ನಡುವಿನ ಮಗ ನಮಗಿಂತ ಮೊದಲೇ "ಆಮೆನ್" ಅನ್ನುತ್ತಿದ್ದ. ಆ ಗೋಡೆ ಅಂಥದ್ದು.

ಮನೆಮಾತು ಕೊಂಕಣಿ. ಆದರೆ ಅಮ್ಮ ಮದುವೆಗೆ ಮೊದಲು ಬೆಳ್ತಂಗಡಿಯ ಶಾಲೆಯಲ್ಲಿ ಕನ್ನಡ ಟೀಚರ್. ಗಲ್ಫಿಗೆ ಬಂದ ಮೇಲೆ ಆ ಹುರುಪೆಲ್ಲ ನನ್ನೊಬ್ಬಳ ಮೇಲೆ ತೀರಿಸಿಕೊಂಡಳು. ಒಂದು ಕೈಯಲ್ಲಿ ಸಾರಿನ ಸೌಟು, ಇನ್ನೊಂದು ಕೈಯಲ್ಲಿ ಕಾಪಿ ಪುಸ್ತಕ. ಒತ್ತಕ್ಷರ ತಪ್ಪಿದರೆ ಸೌಟು ಬೆನ್ನಿಗೆ. ನನ್ನ ಕನ್ನಡ ಪೆಟ್ಟು ತಿಂದು ಬಂದ ಕನ್ನಡ, ಅದಕ್ಕೇ ಇಷ್ಟು ಗಟ್ಟಿ. ನಮ್ಮ ಮನೆಯಲ್ಲಿ ಪ್ರೀತಿ, ಪಾಠ, ಕೋಪ ಎಲ್ಲವೂ ಕೈಯಿಂದಲೇ ಬರುತ್ತಿತ್ತು. ಅಮ್ಮನ ಕೈಯದು ಸುಳ್ಳುಪೆಟ್ಟು. ಹೊಡೆದು ಹತ್ತು ನಿಮಿಷಕ್ಕೆ ಕರೆದು ತುಪ್ಪ ಹಾಕಿ ಅನ್ನ ಕಲಸಿ ಕೊಡುವಳು. ಪಪ್ಪನ ಕೈಯದು ಹಾಗಲ್ಲ.

ಪಪ್ಪ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಸೇಫ್ಟಿ ಇನ್‌ಸ್ಪೆಕ್ಟರ್. ನಗಬೇಡಿ, ನಿಜಕ್ಕೂ ಅದೇ ಕೆಲಸ. ದಿನವಿಡೀ ಜನರಿಗೆ ಹೆಲ್ಮೆಟ್ ಹಾಕಿ, ಬೆಲ್ಟ್ ಕಟ್ಟಿ, ಏಣಿ ಹಿಡಿಯಿರಿ ಎಂದು ಬೊಬ್ಬೆ ಹೊಡೆದು ಕಂಪನಿ ಬಸ್ಸಿನಲ್ಲಿ ಮನೆಗೆ ಬಂದು ಹೆಂಡತಿಯ ತಲೆಯನ್ನು ಬಾಗಿಲ ಚೌಕಟ್ಟಿಗೆ ಗುದ್ದುವ ಮನುಷ್ಯ. ಮೀನಿನ ಸಾರಿಗೆ ಹುಳಿ ಜಾಸ್ತಿಯಾದರೆ, ಇಸ್ತ್ರಿಯಲ್ಲಿ ಮಡಿಕೆ ಎರಡು ಬಿದ್ದರೆ, ಅಮ್ಮ ಉತ್ತರ ಕೊಟ್ಟರೆ, ಅಮ್ಮ ಉತ್ತರ ಕೊಡದಿದ್ದರೆ. ಆದರೆ ಅದೇ ಕೈ ಪಿಟೀಲಿನ ಮೇಲೆ ಹೋದರೆ, ಅಬ್ಬ! ಊರಿನ ಚರ್ಚಿನ, ನಮ್ಮ ಮಾತಲ್ಲಿ ಇಗರ್ಜಿಯ, ಗಾಯನ ಮಂಡಳಿಯಲ್ಲಿ ಕಲಿತ ಕೈ ಅದು. ಇಷ್ಟು ಚಂದ ಬಾರಿಸುವ ಮನುಷ್ಯ ಇಷ್ಟು ಹೊಲಸು ಹೇಗೆ ಎಂದು ನಾನು ಸಣ್ಣವಳಿರುವಾಗ ದೇವರನ್ನು ಗಂಭೀರವಾಗಿ ಕೇಳಿದ್ದುಂಟು.

ಚರ್ಚಿನಲ್ಲಿ ಪಪ್ಪ ಬಾರಿಸುವುದನ್ನು ಕೇಳಿ ಹುಡುಕಿಕೊಂಡು ಬಂದವನು ಕಾನರ್. ಅದೇ ಪ್ಲಾಂಟಿನ ಎಂಜಿನಿಯರ್, ಐರ್ಲೆಂಡಿನವನು, ಕೆಂಪು ಮೂತಿ, ಮೃದು ಮಾತು. ಶುಕ್ರವಾರ ಸಂಜೆ ಹೋಟೆಲಿನ ಪಬ್ಬಿನಲ್ಲಿ ಅವನದೊಂದು ತಂಡ, ಅವನ ಕೈಯಲ್ಲಿ ಅಕಾರ್ಡಿಯನ್. ಅವರ ಪಿಟೀಲಿನವನು ಕಾಂಟ್ರಾಕ್ಟ್ ಮುಗಿಸಿ ಹೋಗಿದ್ದ. ಪಬ್ಬು ಅಂದರೆ ಅಮ್ಮ ಕಿಡಿಕಿಡಿಯಾಗಬೇಕಿತ್ತು. ಆಗಲಿಲ್ಲ. ಅದಕ್ಕೊಂದು ಕಾರಣವಿತ್ತು, ಅದು ನಮ್ಮ ಮಂಗಳೂರು ಕೊಂಕಣಿಯವರಿಗೆ ಮಾತ್ರ ಹೊಳೆಯುವ ಕಾರಣ.

"ಇಂಗ್ಲಿಷರ ಬಾರ್ ಆಗಿದ್ರೆ ನಾನು ಕಳಿಸ್ತಿರಲಿಲ್ಲ. ಐರಿಶ್ ಅಂದ್ರೆ ನಮ್ಮವರೇ, ಕ್ಯಾಥೊಲಿಕ್. ಆ ಕಾನರ್ ಪರಮಪ್ರಸಾದಕ್ಕೆ ನಮ್ಮ ಲೈನಲ್ಲೇ ನಿಲ್ತಾನೆ, ನಾನೇ ನೋಡಿದ್ದೇನೆ. ಬಾಯ್ ಕೂಡ ಹೋಗ್ಲಿ, ನಾಲ್ಕು ಒಳ್ಳೆ ಪದ ಕಲೀಲಿ."

ಬಾಯ್ ಅಂದರೆ ನಾನು. ನಮ್ಮಲ್ಲಿ ಹುಡುಗಿಯರನ್ನು ಹಾಗೇ ಕರೆಯುವುದು. ಹೀಗೆ ಅಮ್ಮನ ಲೆಕ್ಕದಲ್ಲಿ ಪಬ್ಬು ಹೆಚ್ಚುಕಡಿಮೆ ಇಗರ್ಜಿಯ ಹಿಂದಿನ ಹಾಲ್ ಇದ್ದ ಹಾಗೆ ಆಗಿಹೋಯಿತು. ಮಕ್ಕಳಿಗೆ ಅಲ್ಲಿ ಪ್ರವೇಶವಿಲ್ಲ, ಅದು ಕಾನೂನು. ಆದರೆ ತಂಡದವರು ಕೂರುವ ಮೂಲೆಯ ಹಿಂದೆ ವಾದ್ಯದ ಪೆಟ್ಟಿಗೆಗಳನ್ನು ಇಡುವ ಕತ್ತಲೆ ಕೋಣೆಯೊಂದಿತ್ತು. ಕೆಲಸದವರ ಬಾಗಿಲಿನಿಂದ ಪಪ್ಪ ನನ್ನನ್ನು ಅಲ್ಲಿಗೆ ನುಗ್ಗಿಸುತ್ತಿದ್ದ. ಅಮ್ಮ ಹಿಂದಿನ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕಾಯುತ್ತಿದ್ದಳು, ಕುಡಿದ ಗಂಡನನ್ನು ವಾಪಸು ತರಲು ಡ್ರೈವರ್ ಬೇಕಲ್ಲ! ಕೋಣೆಯ ಬಾಗಿಲ ಸಂದಿಯಿಂದ ನನಗೆ ಕಾಣುತ್ತಿದ್ದುದು ಕಾನರನ ಮೊಣಕೈ, ಪಪ್ಪನ ಬೆನ್ನು, ಅದರಾಚೆ ಇಡೀ ಪಬ್ಬು.

ಆ ಸಂಜೆಗಳ ಸುಖವನ್ನು ಹೇಗೆ ಹೇಳಲಿ ಮಾರಾಯ್ರೆ! ಅವರು ಜನರಿಗೆ ಮುಖ ಮಾಡಿ ಬಾರಿಸುವುದಿಲ್ಲ, ಒಂದು ಮೇಜಿನ ಸುತ್ತ ಕೂತು ಒಬ್ಬರನ್ನೊಬ್ಬರು ನೋಡಿಕೊಂಡು ಬಾರಿಸುತ್ತಾರೆ. ಎದುರಿಗೆ ಹಾಳೆ ಇಲ್ಲ, ಎಲ್ಲ ಕಿವಿಯಲ್ಲೇ. ಪಪ್ಪ ಮೊದಲ ದಿನ ಇಗರ್ಜಿಯ ಅಭ್ಯಾಸದಂತೆ ಕಬ್ಬಿಣದ ನೋಟ್ ಸ್ಟ್ಯಾಂಡ್ ಹೊತ್ತುಕೊಂಡು ಹೋಗಿದ್ದ, ಎಲ್ಲರೂ ನಕ್ಕರು. ಆಮೇಲೆ ಅದು ನಮ್ಮ ಮನೆಯ ಬಾಗಿಲ ಹಿಂದೆ ನಿಂತಿತು. ರೀಲ್ ಅಂತ ಓಡುವ ಮಟ್ಟು ಒಂದುಂಟು. ಅದನ್ನು ಎರಡು ಮೂರು ಸುತ್ತು ಬಾರಿಸಿದ ಮೇಲೆ ಕಾನರ್ "ಹಪ್!" ಎಂದು ಕೂಗುತ್ತಿದ್ದ, ಉಸಿರು ತೆಗೆದುಕೊಳ್ಳಲೂ ಬಿಡದೆ ಎಲ್ಲರೂ ಬೇರೆ ರೀಲಿಗೆ ಹಾರುತ್ತಿದ್ದರು. ಆ ಹಾರುವ ಕ್ಷಣದಲ್ಲಿ ನಾನೂ ಪೆಟ್ಟಿಗೆಗಳ ನಡುವೆ ಒಮ್ಮೆ ಕುಪ್ಪಳಿಸಿಬಿಡುತ್ತಿದ್ದೆ. ಜನ ಬರುವ ಮುಂಚೆ ಕಾನರ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪಿಟೀಲಿನ ಬಿಲ್ಲು ಹಿಡಿದ ಮಣಿಕಟ್ಟನ್ನು ಸಡಿಲ ಬಿಡುವುದನ್ನು ಕಲಿಸುತ್ತಿದ್ದ. ತಪ್ಪಿದರೆ ಅವನು ನಗುತ್ತಿದ್ದ, ಅಷ್ಟೇ. ತಪ್ಪಿದರೆ ಹೊಡೆಯದ ದೊಡ್ಡವನನ್ನು ನಾನು ಮೊದಲು ನೋಡಿದ್ದು ಅಲ್ಲಿ.

ಹಾಗಂತ ಪಬ್ಬೇನು ಸ್ವರ್ಗವಾಗಿರಲಿಲ್ಲ. ಟಿವಿಯಲ್ಲಿ ರಗ್ಬಿ ಇದ್ದ ದಿನ ಅಲ್ಲಿ ರಕ್ತ ಬೀಳುವುದು ಗ್ಯಾರಂಟಿ. ಪ್ಲಾಂಟಿನ ಶಿಫ್ಟ್ ಮುಗಿಸಿ ಬಂದ ಬಿಳಿಯರು ಎತ್ತುಗಳ ಹಾಗೆ ಗುಮ್ಮುತ್ತಿದ್ದರು. ಒಬ್ಬ ಇನ್ನೊಬ್ಬನ ಬಾಯಿಗೆ ಗ್ಲಾಸನ್ನೇ ಒಡೆದದ್ದನ್ನು ಆ ಸಂದಿಯಿಂದ ಕಂಡಿದ್ದೇನೆ. ತುಟಿ ಎರಡಾಗಿ, ಅವನು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಮತ್ತೆ ಹೊಡೆಯಲು ಹೋದ. ಕುರ್ಚಿ ಬೆನ್ನಿನ ಮೇಲೆ ಮುರಿದು ಬಿತ್ತು. ಹೊಸದರಲ್ಲಿ ಪಪ್ಪ ಇಂಥ ಹೊತ್ತಿಗೆ ಗಾಬರಿಯಾಗಿ ಬಿಲ್ಲು ಎತ್ತಿಬಿಟ್ಟ. ಕಾನರ್ ಅಕಾರ್ಡಿಯನ್ ಎಳೆಯುತ್ತಲೇ ಅವನಿಗೆ ಹೇಳಿದ ಮಾತು ನನಗೂ ಕೇಳಿಸಿತು.

"ನಿಲ್ಲಿಸಬೇಡ ಸಿರಿಲ್, ಇನ್ನೂ ಜೋರಾಗಿ ಬಾರಿಸು. ಸಂಗೀತ ನಿಂತರೆ ಇಡೀ ಪಬ್ಬು ತಿರುಗಿ ನೋಡ್ತದೆ. ಎಲ್ಲರೂ ನೋಡಿದರೆ ಎಲ್ಲರೂ ಎದ್ದು ಬರ್ತಾರೆ, ಆಮೇಲೆ ಪೊಲೀಸ್, ಆಮೇಲೆ ಪಬ್ಬು ಖಲಾಸ್."

ಅವರ ಕಸುಬಿನ ನಿಯಮ ಅದು. ಜಗಳ ಎದ್ದರೆ ಮಟ್ಟು ಏರಬೇಕು. ಬಾಗಿಲ ಕಾವಲಿನವರು ಬಂದು ಇಬ್ಬರನ್ನೂ ಎಳೆದುಕೊಂಡು ಹೋಗುವವರೆಗೆ ಮಿಕ್ಕವರ ಕಿವಿಯನ್ನು ತುಂಬಿಸಿಡಬೇಕು. ಪಬ್ಬಿನಲ್ಲಿ ಆ ನಿಯಮದಿಂದ ಎಷ್ಟೋ ಮೂಗುಗಳು ಉಳಿದವು, ಸುಳ್ಳು ಹೇಳಬಾರದು. ಪಪ್ಪ ಮಾತ್ರ ಅದನ್ನು ಮನೆಗೆ ತಂದ.

ಬೇಕಂತ ತಂದದ್ದಲ್ಲ, ಮೊದಲ ಸಲ ತಾನಾಗಿ ಆಯಿತು. ಒಂದು ಸಂಜೆ ನಾನು ಪಪ್ಪನ ಹಳೇ ಪಿಟೀಲಿನಲ್ಲಿ ರೀಲ್ ಅಭ್ಯಾಸ ಮಾಡುತ್ತಿದ್ದೆ, ಅಡುಗೆಮನೆಯಲ್ಲಿ ಹೊಡೆದಾಟ ಶುರುವಾಯಿತು. ಅಮ್ಮನೂ ಕಡಿಮೆ ಇಲ್ಲ. ಅವಳು ಎಸೆದ ಕುಕ್ಕರಿನ ಮುಚ್ಚಳಕ್ಕೆ ಪಪ್ಪನ ಹುಬ್ಬು ಹರಿಯಿತು. ಆದರೆ ಅವಳ ಒಂದಕ್ಕೆ ಅವನದು ಹತ್ತು. ಹೆದರಿಕೆಗೆ ನನ್ನ ಕೈ ನಿಲ್ಲುವ ಬದಲು ಓಡಿತು. ಮಾರನೇ ದಿನ ಬಟ್ಟೆ ಒಣಗಿಸುವಲ್ಲಿ ಝೊಹರಾತ್ತ ಅಮ್ಮನಿಗೆ ಹೇಳಿದಳು:

"ಎಷ್ಟು ಚಂದ ಬಾರಿಸ್ತಾಳೆ ನಿಮ್ಮ ಮಗಳು! ನಿನ್ನೆ ನಮಗೆ ಟಿವಿ ಬೇಡವೇ ಆಯ್ತು."

ಅಮ್ಮ ಅದನ್ನು ಪಪ್ಪನಿಗೆ ಹೇಳಿದಳು, ಮಗಳ ಹೊಗಳಿಕೆ ಅಂತ. ಹಾಗಾದರೆ ಗೋಡೆಯಾಚೆ ಕೇಳಿದ್ದು ಪಿಟೀಲು ಮಾತ್ರ ಎಂದು ಪಪ್ಪ ಲೆಕ್ಕ ಹಾಕಿದ. ಮುಂದಿನ ಸಲ ಬಾಗಿಲಿಗೆ ಚಿಲಕ ಹಾಕುವ ಮೊದಲೇ ನನ್ನ ಕಡೆ ಬೆರಳು ಮಾಡಿದ.

"ಬಾರಿಸು. ಜೋರಾಗಿ."

ಅಲ್ಲಿಂದ ಅದೇ ರೂಢಿಯಾಯಿತು. ಅವನು ಅಂಗಿಯ ತೋಳು ಮಡಚಿದರೆ ನಾನು ಪಿಟೀಲು ತೆಗೆಯಬೇಕು. ಒಮ್ಮೆ ಬಾರಿಸುವುದಿಲ್ಲ ಎಂದು ಕೂತಿದ್ದಕ್ಕೆ ಬಿಲ್ಲಿನ ಕಟ್ಟಿಗೆಯಿಂದ ಬೆರಳ ಗಂಟುಗಳ ಮೇಲೆ ಬಿತ್ತು, ಗಂಟು ಬಾತು ಶಾಲೆಯಲ್ಲಿ ಪೆನ್ಸಿಲ್ ಹಿಡಿಯಲಾಗಲಿಲ್ಲ. ಹೊಟ್ಟೆ ಉರಿಯುವುದು ಅದಕ್ಕಲ್ಲ. ಅಮ್ಮನೂ ಅದನ್ನೇ ಹೇಳುತ್ತಿದ್ದಳು! ನೆಲಕ್ಕೆ ಬಿದ್ದು, ಕೂದಲು ಅವನ ಮುಷ್ಟಿಯಲ್ಲಿ ಸಿಕ್ಕಿಕೊಂಡು, ಬಾಯಲ್ಲಿ ರಕ್ತ ಇಟ್ಟುಕೊಂಡು ನನ್ನ ಕಡೆ ನೋಡಿ ಅನ್ನುತ್ತಿದ್ದಳು:

"ಬಾರಿಸು ಬಾಯ್, ನಿಲ್ಲಿಸ್ಬೇಡ. ಅವರಿಗೆ ಕೇಳ್ತದೆ."

ಕೇಳಿದರೆ ಏನಾಗುತ್ತದೆ ಎಂದು ನನಗೆ ಬಿಡಿಸಿ ಹೇಳಿದ್ದಳು. ನಾವಿಬ್ಬರೂ ಪಪ್ಪನ ವೀಸಾದ ಮೇಲೆ ಇರುವವರು. ಯಾರಾದರೂ ದೂರು ಕೊಟ್ಟರೆ ಪೊಲೀಸ್ ಬರುತ್ತದೆ, ಪಪ್ಪನನ್ನು ಊರಿಗೆ ಅಟ್ಟುತ್ತಾರೆ, ಅವನ ಹಿಂದೆಯೇ ನಾವೂ. ನನ್ನ ಶಾಲೆ, ಅಮ್ಮನಿಗೆ ಇಲ್ಲಿ ಸಿಕ್ಕಿದ್ದ ಮಕ್ಕಳ ನರ್ಸರಿಯ ಕೆಲಸ, ಅರ್ಧ ಹೂವಿನ ಮಾಡು, ಎಲ್ಲ ಒಂದೇ ಪೆಟ್ಟಿಗೆ ಹೋಗುತ್ತದೆ. ಊರಲ್ಲಿ ನಾಲ್ಕು ಜನ ಕೇಳುತ್ತಾರೆ, ಯಾಕೆ ಬಂದ್ರಿ? ಆ ಪ್ರಶ್ನೆಗಿಂತ ಪೆಟ್ಟೇ ವಾಸಿ ಎಂದು ಅವಳ ತೀರ್ಮಾನ. ನನ್ನ ತೀರ್ಮಾನ ಯಾರೂ ಕೇಳಲಿಲ್ಲ. ನನಗೆ ಗೊತ್ತಿದ್ದುದು ಒಂದೇ: ಇವನು ಒಂದು ದಿನ ನನ್ನ ಅಮ್ಮನನ್ನು ಕೊಲ್ಲುತ್ತಾನೆ, ಅವತ್ತೂ ಪಕ್ಕದ ಮನೆಯವರಿಗೆ ಚಂದದ ಸಂಗೀತವೇ ಕೇಳಿಸುತ್ತದೆ.

ಈ ನಡುವೆ ನನ್ನ ಕೈ ಮಾತ್ರ ಪಳಗಿತು. ಪಬ್ಬಿನಲ್ಲಿ ಒಂದು ದಿನ ಜನ ಬರುವ ಮೊದಲು ಬಾರಿಸಿ ತೋರಿಸಿದಾಗ ತಂಡದವರೆಲ್ಲ ಬಿಟ್ಟ ಬಾಯಿ ಬಿಟ್ಟ ಹಾಗೇ ಕೂತರು. ಕಾನರ್ ಕೇಳಿದ:

"ಇಷ್ಟು ಸ್ಪೀಡ್ ಎಲ್ಲಿ ಕಲಿತೆ ಹುಡುಗಿ?"

"ಮನೆಯಲ್ಲಿ," ಅಂದೆ. ಪಪ್ಪ ಹೆಮ್ಮೆಯಿಂದ ನಕ್ಕ. ಆ ನಗುವನ್ನು ನಾನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ.

ನನಗೆ ಹದಿಮೂರು ನಡೆಯುತ್ತಿದ್ದಾಗಿನ ಒಂದು ಶುಕ್ರವಾರ. ತಂಡದವರಿಗೆ ಪಬ್ಬಿನವರು ಬಿಟ್ಟಿ ಬಿಯರ್ ಕೊಡುತ್ತಿದ್ದರು. ಒಂದು ಸರಣಿ ಮುಗಿದ ಹಾಗೆ ಒಂದೊಂದು ಗ್ಲಾಸ್ ಅವರವರ ಕಾಲಬುಡಕ್ಕೆ ಬರುತ್ತಿತ್ತು. ಉಳಿದವರು ಒಂದರಲ್ಲೇ ಸಂಜೆ ಕಳೆದರೆ ಪಪ್ಪ ಎಲ್ಲವನ್ನೂ ಖಾಲಿ ಮಾಡುತ್ತಿದ್ದ. ಅವತ್ತು ಅಮ್ಮನಿಗೆ ಏನು ಬಂತೋ, ಕಾರಿನಿಂದ ಇಳಿದು, ಪೂಜೆಗೆ ಉಟ್ಟ ಅದೇ ನೀಲಿ ಸೀರೆಯಲ್ಲಿ, ಕೆಲಸದವರ ಬಾಗಿಲಿನಿಂದ ಬಂದು, ನನ್ನ ಕತ್ತಲೆ ಕೋಣೆಯನ್ನು ದಾಟಿ ಸೀದಾ ಅವರ ಮೇಜಿನ ಮುಂದೆ ನಿಂತಳು. ತರಗತಿಯಲ್ಲಿ ನಿಲ್ಲುವ ಹಾಗೆ ನಿಂತು ಇಂಗ್ಲಿಷಿನಲ್ಲಿ ಹೇಳಿದಳು:

"ದಯವಿಟ್ಟು ಇವರಿಗೆ ಕೊಡಬೇಡಿ. ಇವರು ಕುಡಿದು ಬಂದರೆ ನಮಗೆ ಮನೆಯಲ್ಲಿ ಕಷ್ಟ ಆಗ್ತದೆ."

ಕಾನರ್ ಬಗ್ಗಿ ಪಪ್ಪನ ಕಾಲಬುಡದ ಗ್ಲಾಸ್ ತೆಗೆದು ಬಾರಿನ ಕಟ್ಟೆಯ ಮೇಲೆ ಇಟ್ಟು ಬಂದ. ತಮಟೆಯವನು ಕಿಸಕ್ಕನೆ ನಕ್ಕ. ಪಪ್ಪನಿಗೆ ಅಷ್ಟು ಸಾಕಲ್ಲ! ಕಾರಿನಲ್ಲಿ ಅಮ್ಮನ ಕೈ ಬೆವರಿ ಸ್ಟಿಯರಿಂಗಿನ ಮೇಲೆ ಜಾರುತ್ತಿತ್ತು, ಆಗಾಗ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಮನೆಗೆ ಬಂದಾಗ ಮಸೀದಿಯಲ್ಲಿ ಇಶಾದ, ಅಂದರೆ ರಾತ್ರಿ ನಮಾಜಿನ, ಬಾಂಗ್ ಆಗುತ್ತಿತ್ತು. ಪಪ್ಪ ಬೂಟು ಬಿಚ್ಚಿ ನೇರವಾಗಿ ಜೋಡಿಸಿಟ್ಟ, ಚಿಲಕ ಹಾಕಿದ, ಬಾಂಗ್ ಮುಗಿಯುವವರೆಗೆ ಕಾದ.

"ಪಿಟೀಲು ತೆಗಿ."

ತೆಗೆದೆ. ಮೊದಲ ಏಟಿಗೆ ಅಮ್ಮ ಫ್ರಿಜ್ಜಿಗೆ ಹೋಗಿ ಬಡಿದಳು. ಅವಳು ಸುಮ್ಮನಿರಲಿಲ್ಲ, ದೋಸೆಕಾವಲಿ ಎತ್ತಿ ಅವನ ಕಿವಿಯ ಮೇಲೆ ಬಿಟ್ಟಳು, ಕಿವಿ ಹರಿದು ಅಂಗಿಯ ಕಾಲರ್ ಕೆಂಪಾಯಿತು. ಆಗ ಪಪ್ಪ ಬಾಗಿಲ ಹಿಂದಿನಿಂದ ಆ ಕಬ್ಬಿಣದ ಸ್ಟ್ಯಾಂಡನ್ನು ತೆಗೆದ. ಬೆನ್ನಿಗೆ, ಸೊಂಟಕ್ಕೆ, ತೊಡೆಗೆ. ತಲೆಗೆ ಬೀಸಿದ್ದನ್ನು ಅಮ್ಮ ಬಲಗೈ ಅಡ್ಡ ಇಟ್ಟು ತಡೆದಳು. ನನ್ನ ರೀಲಿನ ನಡುವೆಯೂ ನನಗೆ ಅದು ಕೇಳಿಸಿತು, ಹಸಿ ಕಟ್ಟಿಗೆಯನ್ನು ಮೊಣಕಾಲಿಗೆ ಇಟ್ಟು ಮುರಿದ ಹಾಗೆ. ಅಮ್ಮನ ಕೈ ಇರಬಾರದ ಜಾಗದಲ್ಲಿ ಬಗ್ಗಿತು. ಅವನು ಮತ್ತೆ ಎತ್ತಿದ.

ನಾನು ನಿಲ್ಲಿಸಿದೆ. ಹೆದರಿ ಅಲ್ಲ, ಕೈ ಸೋತೂ ಅಲ್ಲ. ನಿಲ್ಲಿಸಿದರೆ ಇಡೀ ವಿಲ್ಲಾ ತಿರುಗಿ ನೋಡುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ನಿಲ್ಲಿಸಿದೆ. ಮುಂದಿನ ಏಟು ಬಿದ್ದದ್ದು ಬರಿ ಮೌನದಲ್ಲಿ. ಅಮ್ಮ ಕೂಗಿದಳು, ಆ ಕೂಗನ್ನು ನಾನೂ ಮೊದಲ ಸಲ ಸರಿಯಾಗಿ ಕೇಳಿದ್ದು. ಗೋಡೆಯಾಚೆ ಹಸನಾಕನ ಟಿವಿ ತಟ್ಟನೆ ನಿಂತಿತು.

"ಬಾರಿಸೇ!" ಪಪ್ಪ ಗದರಿದ.

"ಇಲ್ಲ."

"ಬಾರಿಸು ಬಾಯ್! ಕೇಳ್ತದೆ!" ಇದು ಅಮ್ಮ, ನೆಲದ ಮೇಲಿಂದ.

"ಕೇಳ್ಲಿ!" ನಾನು ಗಂಟಲು ಹರಿಯುವ ಹಾಗೆ ಕಿರುಚಿದೆ. "ಎಲ್ಲರಿಗೂ ಕೇಳ್ಲಿ! ಹಸನಾಕಾ! ಅಮ್ಮನನ್ನು ಕೊಲ್ತಾನೆ, ಬನ್ನಿ!"

ಪಪ್ಪ ಸ್ಟ್ಯಾಂಡನ್ನು ನನ್ನ ಮೇಲೆ ಬೀಸಿದ. ಅಡ್ಡ ಹಿಡಿಯಲು ಕೈಯಲ್ಲಿ ಪಿಟೀಲೇ ಇತ್ತು. ಅದು ಪುಡಿಯಾಗಿ ತಂತಿಯೊಂದು ನನ್ನ ಕೆನ್ನೆ ಸೀಳಿತು. ಎರಡನೇ ಸಲ ಅವನು ಎತ್ತುವಷ್ಟರಲ್ಲಿ ಚಿಲಕ ಚೌಕಟ್ಟಿನ ಸಮೇತ ಕಿತ್ತು ಒಳಗೆ ಬಿತ್ತು. ಹಸನಾಕ ಒಳಗೆ ನುಗ್ಗಿ ಪಪ್ಪನ ಕುತ್ತಿಗೆ ಹಿಡಿದು ಜಿಪ್ಸಮ್ ಗೋಡೆಗೆ ಹಾಕಿದ ರಭಸಕ್ಕೆ ಹಲಗೆ ಒಡೆದು ಆಚೆ ಕಡೆಯ ಬೆಳಕು ಈಚೆ ಬಂತು. ಮುಖಕ್ಕೆ ಬಿದ್ದ ಗುದ್ದಿಗೆ ಪಪ್ಪನ ಹಲ್ಲು ಉದುರಿತು. ನನಗೆ ಖುಷಿಯಾಯಿತು. ಹೌದು, ಖುಷಿಯೇ ಆಯಿತು, ಇನ್ನೂ ಎರಡು ಬೀಳಲಿ ಅನ್ನಿಸಿತು. ಹಿಂದೆಯೇ ಬಂದ ಝೊಹರಾತ್ತ ಅಮ್ಮನ ಕೈಯನ್ನು ನೋಡಿದಳು, ನನ್ನ ಕೈಯಲ್ಲಿ ಉಳಿದ ಪಿಟೀಲಿನ ಕುತ್ತಿಗೆಯನ್ನು ನೋಡಿದಳು, ಆಮೇಲೆ ತಲೆ ತಲೆ ಚಚ್ಚಿಕೊಂಡಳು.

"ಯಾ ಅಲ್ಲಾ, ನಮ್ಮ ಮಕ್ಕಳು ಇದಕ್ಕೆ ಕುಣೀತಿದ್ರಲ್ಲ! ನಾನು ಚಪ್ಪಾಳೆ ತಟ್ತಿದ್ದೆನಲ್ಲ!"

ಆಸ್ಪತ್ರೆಗೆ ಹಸನಾಕನ ಪಿಕಪ್ಪಿನಲ್ಲಿ ಹೋದೆವು, ಅಕ್ಕಿ ಮೂಟೆಗಳ ವಾಸನೆಯ ನಡುವೆ. ಪಪ್ಪ ಹಿಂದೆ ಟ್ಯಾಕ್ಸಿಯಲ್ಲಿ ಬಂದು, ಬಾಯಿಗೆ ಕರವಸ್ತ್ರ ಒತ್ತಿಕೊಂಡು ಹೊರಗಿನ ಬೆಂಚಿನಲ್ಲಿ ಕೂತ. ದಾರಿಯುದ್ದಕ್ಕೂ ಅಮ್ಮ ನನಗೆ ಹೇಳಿಕೊಟ್ಟದ್ದು ಒಂದೇ ಪಾಠ. ಬಾತ್‌ರೂಮಿನಲ್ಲಿ ಜಾರಿ ಬಿದ್ದದ್ದು. ಸೋಪು ಬಿದ್ದಿತ್ತು. ನೀನು ಹೊರಗೆ ಆಡುತ್ತಿದ್ದೆ, ನೀನೇನೂ ನೋಡಿಲ್ಲ. ನೋವಿಗೆ ಅವಳ ಹಲ್ಲು ಕಟಕಟ ಅನ್ನುತ್ತಿತ್ತು, ಆದರೂ ಪಾಠ ನಿಲ್ಲಿಸಲಿಲ್ಲ.

ಕೈ ನೋಡಿದ ಮಲಯಾಳಿ ನರ್ಸಿಗೆ ಸಂಶಯ ಬಂತು. ಅವಳು ಹೊರಗೆ ಹೋಗಿ ಆಸ್ಪತ್ರೆಯ ಪೊಲೀಸಿನವನನ್ನು ಕರೆತಂದಳು, ಎಳೆ ವಯಸ್ಸಿನವನು, ಮಾತು ಸಮಾಧಾನದ್ದು. ಅವನು ಇಂಗ್ಲಿಷಿನಲ್ಲಿ ಅಮ್ಮನನ್ನು ಕೇಳಿದ, ಹೇಗಾಯಿತು? ಅಮ್ಮ ಪಾಠ ಒಪ್ಪಿಸಿದಳು, ಸೋಪಿನ ಸಮೇತ. ಅವನು ತಲೆಯಾಡಿಸಿ ಬರೆದುಕೊಂಡ. ಹಸನಾಕ ಬಾಗಿಲಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ; ಹೆಂಗಸೇ ಬಾಯಿ ಬಿಡದಿದ್ದರೆ ಅವನಾದರೂ ಎಂತ ಹೇಳುವುದು? ಇನ್ನೊಂದು ಗಳಿಗೆಯಲ್ಲಿ ಬ್ಯಾಂಡೇಜ್ ಸುತ್ತಿ ನಮ್ಮನ್ನು ಮನೆಗೆ ಕಳಿಸುತ್ತಿದ್ದರು, ಪಪ್ಪನ ಜೊತೆಗೇ. ಅಷ್ಟರಲ್ಲಿ ನರ್ಸು ನನ್ನ ಕೆನ್ನೆಯ ಗಾಯ ಒರೆಸುತ್ತಾ ಬಗ್ಗಿ ಇಂಗ್ಲಿಷಿನಲ್ಲೇ ಕೇಳಿದಳು:

"ಮೋಳೇ, ಅಮ್ಮ ಬಿದ್ದದ್ದಾ?"

"ಅಲ್ಲ. ಪಪ್ಪ ಹೊಡೆದದ್ದು. ಯಾವಾಗಲೂ ಹೊಡೀತಾನೆ."

ಅಮ್ಮ ಎಡಗೈ ಎತ್ತಿ ನನ್ನ ಕೆನ್ನೆಗೆ ಬಾರಿಸಿದಳು. ಸುಳ್ಳುಪೆಟ್ಟಲ್ಲ. ಗಾಯದ ಕಡೆಗೇ ಬಿತ್ತು, ಹತ್ತಿ ಹಾರಿಹೋಯಿತು. ನಾನು ಅಳಲಿಲ್ಲ, ಅವಳನ್ನೇ ನೋಡುತ್ತಾ ನಿಂತೆ. ಅವಳೂ ನನ್ನನ್ನೇ ನೋಡಿದಳು. ಶಾಲೆ ಹೋಯಿತು, ಕೆಲಸ ಹೋಯಿತು, ಮನೆ ಹೋಯಿತು ಎಂಬುದೆಲ್ಲ ಅವಳ ಮುಖದ ಮೇಲೆ ಬಂದು ಹೋಗುವುದು ನನಗೆ ಕಾಣುತ್ತಿತ್ತು. ನನ್ನ ಕೆನ್ನೆಯ ರಕ್ತ ಅವಳ ಬೆರಳಿಗೆ ಹತ್ತಿತ್ತು. ಅದನ್ನು ಅವಳು ನೀಲಿ ಸೀರೆಗೆ ಒರೆಸಿಕೊಂಡು, ಪೊಲೀಸಿನವನ ಕಡೆ ತಿರುಗಿದಳು.

"ನನ್ನ ಮಗಳು ಸುಳ್ಳು ಹೇಳುವುದಿಲ್ಲ," ಅಂದಳು. "ನಾನು ಹೇಳಿದ್ದನ್ನು ಹೊಡೆದುಹಾಕಿ, ಅವಳು ಹೇಳಿದ್ದನ್ನು ಬರೆಯಿರಿ."